ವಿಮಾನದಲ್ಲಿ ಬಿಚ್ಚಿದ ಬುತ್ತಿ

ಅಲ್ಯೂಮಿನಿಯಂ ಹಾಳೆಯ ಒಂದು ಮೂಲೆಯನ್ನು ಎತ್ತಿ ನೋಡಿದ ಅವ್ವ ಅದನ್ನು ಹಾಗೆಯೇ ಮುಚ್ಚಿಬಿಟ್ಟಳು. ಬಾಯಿಬಿಟ್ಟು ಏನೂ ಹೇಳಲಿಲ್ಲ. ತಟ್ಟೆಯನ್ನು ಎರಡು ಬೆರಳಿನಿಂದ ನನ್ನ ಕಡೆಗೆ ಸರಿಸಿದಳು, ಅಷ್ಟೇ. ನಾನು ತೆರೆದು ನೋಡಿದರೆ ಅನ್ನದ ಪಕ್ಕದಲ್ಲಿ ಕೋಳಿಯ ತುಂಡುಗಳು.

ಟಿಕೆಟ್ ಕಾಯ್ದಿರಿಸುವಾಗ ಊಟದ ಪಟ್ಟಿಯಲ್ಲಿ ‘ಹಿಂದೂ ಮೀಲ್’ ಎಂದು ಕಂಡಿತ್ತು. ಎಪ್ಪತ್ತು ವರ್ಷ ಮೊಟ್ಟೆಯನ್ನೂ ಮುಟ್ಟದ ಅವ್ವನಿಗೆ ಅದೇ ಸರಿ ಎಂದು ಒತ್ತಿದ್ದೆ. ವಿಮಾನಯಾನ ಕಂಪನಿಗಳು ಪ್ರತಿ ವಿಶೇಷ ಊಟಕ್ಕೂ ನಾಲ್ಕು ಅಕ್ಷರಗಳ ಒಂದು ಸಂಕೇತ ಇಟ್ಟುಕೊಂಡಿವೆ. ಎಚ್‌ಎನ್‌ಎಂಎಲ್ ಎಂದರೆ ಹಿಂದೂ ಊಟ. ಅದರಲ್ಲಿ ದನದ ಮಾಂಸ ಇರುವುದಿಲ್ಲ. ಕೋಳಿ, ಕುರಿ, ಮೀನು ಇರಬಹುದು. ನಮಗೆ ಬೇಕಾಗಿದ್ದದ್ದು ಎವಿಎಂಎಲ್, ಭಾರತೀಯ ಬಗೆಯ ಸಸ್ಯಾಹಾರ. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಗೆಣಸು ತಿನ್ನದವರಿಗೆ ವಿಜೆಎಂಎಲ್ ಎಂಬ ಜೈನ ಊಟ. ಇವನ್ನೆಲ್ಲ ಸಾಮಾನ್ಯವಾಗಿ ಪ್ರಯಾಣಕ್ಕೆ ಕನಿಷ್ಠ 24 ಗಂಟೆ ಮುಂಚೆ ಹೇಳಿರಬೇಕು. ಅಪ್ಪ ಅಮ್ಮಂದಿರನ್ನು ಒಂಟಿಯಾಗಿ ವಿಮಾನ ಹತ್ತಿಸುವ ಮಕ್ಕಳು ಈ ನಾಲ್ಕು ಅಕ್ಷರಗಳನ್ನು ಎರಡೆರಡು ಸಲ ನೋಡಿಕೊಳ್ಳಲಿ ಎಂಬ ಕಾರಣಕ್ಕೇ ಇದನ್ನು ಮೊದಲಿಗೆ ಬರೆಯುತ್ತಿದ್ದೇನೆ. ಅವ್ವನ ಪಕ್ಕದಲ್ಲಿ ನಾನಿದ್ದೆ. ಇರದಿದ್ದರೆ ಅವಳು ಯಾರಿಗೂ ಏನೂ ಹೇಳದೆ, ನೀರು ಕುಡಿದು ಕಣ್ಣು ಮುಚ್ಚಿಕೊಂಡು ಕೂತುಬಿಡುತ್ತಿದ್ದಳು.

ಅಕ್ಕ ಬೆಲ್ಜಿಯಂನಲ್ಲಿದ್ದಾಳೆ. ಅವಳನ್ನು ನೋಡಲು ಹೊರಟಿದ್ದ ಪ್ರಯಾಣ ಅದು. ಅವ್ವನಿಗೆ ವಿಮಾನವೇ ಮೊದಲ ಸಲ. ಗಗನಸಖಿ ತುಂಬ ಒಳ್ಳೆಯ ಹುಡುಗಿ. ವಿಷಯ ತಿಳಿದಾಗ ಅವಳ ಮುಖ ಬಾಡಿತು. ಓಡಾಡಿ ಒಂದು ಬ್ರೆಡ್ಡು, ಕತ್ತರಿಸಿದ ಹಣ್ಣು, ಯಾರಿಗೋ ಹೆಚ್ಚಾಗಿ ಉಳಿದಿದ್ದ ಒಂದು ಸಸ್ಯಾಹಾರದ ಡಬ್ಬಿ ತಂದುಕೊಟ್ಟಳು. ಅದರಲ್ಲಿ ಅನ್ನ, ತೊವ್ವೆ, ಪನೀರ್ ಇದ್ದವು. ಅವ್ವ ಡಬ್ಬಿಯನ್ನು ನನ್ನ ಮುಂದಿಟ್ಟು, ಕಾಲ ಬಳಿಯಿದ್ದ ಚೀಲಕ್ಕೆ ಕೈ ಹಾಕಿದಳು.

ಬಿಳಿ ಬಟ್ಟೆಯಲ್ಲಿ ಸುತ್ತಿದ ಕಡಕ್ ಸಜ್ಜೆ ರೊಟ್ಟಿ, ಎಳ್ಳು ಹಚ್ಚಿದ್ದು. ಶೇಂಗಾ ಚಟ್ನಿಯ ಪುಡಿ. ಎಂಟು ಶೇಂಗಾ ಹೋಳಿಗೆ. ಮಾವಿನಕಾಯಿ ಉಪ್ಪಿನಕಾಯಿಯ ಬಾಟಲಿಯೂ ಇತ್ತು, ಅದನ್ನು ಬೆಂಗಳೂರಿನ ಭದ್ರತಾ ತಪಾಸಣೆಯಲ್ಲಿ ತೆಗೆಸಿದ್ದರು. ಚಟ್ನಿಯ ಪೊಟ್ಟಣವನ್ನು ಬಿಚ್ಚಿ ನೋಡಿ ಬಿಟ್ಟಿದ್ದರು. ಧಾರವಾಡದಲ್ಲಿ ಅವಳು ಇದನ್ನೆಲ್ಲ ಕಟ್ಟುತ್ತಿದ್ದಾಗ ‘ವಿಮಾನದಲ್ಲಿ ಊಟ ಕೊಡುತ್ತಾರೆ, ಯಾಕೆ ಇಷ್ಟು ಹೊರೆ’ ಎಂದು ನಾನೇ ಅಂದಿದ್ದೆ.

ರೊಟ್ಟಿಯ ಮೇಲೆ ಚಟ್ನಿ ಉದುರಿಸಿ ಒಂದು ತುಂಡು ಬಾಯಿಗಿಟ್ಟುಕೊಂಡ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: “ತಮ್ಮಾ, ಇದಕ್ಕೆ ಉಪ್ಪು ಕಡಿಮೆ ಬಿದ್ದಿದೆ ನೋಡು. ಮನೆಯಲ್ಲಿ ರುಚಿ ನೋಡಿದಾಗ ಸರಿಯಾಗಿಯೇ ಇತ್ತು.”

ಐವತ್ತು ವರ್ಷಗಳಿಂದ ಅದೇ ಚಟ್ನಿಯನ್ನು ಕುಟ್ಟುತ್ತಿರುವ ಕೈ ಅವಳದು. ಆ ಕೈ ಉಪ್ಪನ್ನು ತಪ್ಪುವುದಿಲ್ಲ. ಚಟ್ನಿ ಬದಲಾಗಿರಲಿಲ್ಲ, ನಾವು ಕೂತಿದ್ದ ಜಾಗ ಬದಲಾಗಿತ್ತು.

ವಿಮಾನ 35 ಸಾವಿರ ಅಡಿ ಎತ್ತರದಲ್ಲಿ ಹಾರುತ್ತಿದ್ದರೂ ಒಳಗಿನ ಗಾಳಿಯ ಒತ್ತಡವನ್ನು 6ರಿಂದ 8 ಸಾವಿರ ಅಡಿಯ ಬೆಟ್ಟದ ಮೇಲೆ ಇರುವಷ್ಟಕ್ಕೆ ಹೊಂದಿಸಿರುತ್ತಾರೆ. ಮುಳ್ಳಯ್ಯನಗಿರಿಯ ನೆತ್ತಿ 6,300 ಅಡಿಗಿಂತ ತುಸು ಹೆಚ್ಚು, ಊಟಿಯ ದೊಡ್ಡಬೆಟ್ಟ 8,600 ಅಡಿ ದಾಟುತ್ತದೆ. ಬಹುಪಾಲು ಆ ಎರಡರ ನಡುವಿನ ಎತ್ತರದಲ್ಲಿ ಕೂತು ನಾವು ಊಟ ಮಾಡುತ್ತಿರುತ್ತೇವೆ. ಬೆಟ್ಟದ ಮೇಲಾದರೆ ಮಂಜಿರುತ್ತದೆ, ಇಬ್ಬನಿಯಿರುತ್ತದೆ. ವಿಮಾನದೊಳಗಿನ ಗಾಳಿಯಲ್ಲಿ ತೇವಾಂಶ ಶೇಕಡಾ 20ಕ್ಕಿಂತ ಕೆಳಗೆ. ರಾಯಚೂರಿನ ಬೇಸಿಗೆಯ ನಡುಮಧ್ಯಾಹ್ನವನ್ನು ನೆನಪಿಸುವಷ್ಟು ಒಣ. ಆ ಒಣಗಾಳಿಗೆ ಮೊದಲು ಸೋಲುವುದು ಮೂಗು. ನೆಗಡಿಯಾದಾಗ ಎಂಥ ಒಗ್ಗರಣೆಯ ಸಾರೂ ಸಪ್ಪೆ ಎನಿಸುತ್ತದೆಯಲ್ಲ, ವಿಮಾನದಲ್ಲಿ ಆಗುವುದೂ ಅದೇ. ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ಪರಿಮಳದ್ದು.

ಇದನ್ನು ಅಳೆದು ನೋಡಿದವರಿದ್ದಾರೆ. ಜರ್ಮನಿಯ ಹೋಲ್ಜ್‌ಕಿರ್ಷೆನ್‌ನಲ್ಲಿರುವ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಒತ್ತಡ ತಗ್ಗಿಸಬಲ್ಲ ದೊಡ್ಡ ಕೊಳವೆಯೊಳಗೆ ಏರ್‌ಬಸ್ ವಿಮಾನವೊಂದರ ಒಡಲಿನ ಭಾಗವನ್ನೇ ಇಟ್ಟಿದ್ದಾರೆ. 2010ರಲ್ಲಿ ಲುಫ್ತಾನ್ಸಾ ಕಂಪನಿಗಾಗಿ ಅಲ್ಲಿ ಜನರನ್ನು ಕೂರಿಸಿ, ಊಟ ಬಡಿಸಿ, ರುಚಿ ಕೇಳಿದರು. ಉಪ್ಪು ಶೇಕಡಾ 20ರಿಂದ 30ರಷ್ಟು, ಸಿಹಿ ಶೇಕಡಾ 15ರಿಂದ 20ರಷ್ಟು ಕಡಿಮೆಯಾಗಿ ನಾಲಿಗೆಗೆ ತಿಳಿಯುತ್ತದೆ ಎಂದು ಕಂಡಿತು. ಹುಳಿ, ಕಹಿ, ಖಾರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತವೆ. ನೆಲದ ಮೇಲೆ ಟೊಮೆಟೊ ರಸದ ತಂಟೆಗೂ ಹೋಗದವರು ವಿಮಾನ ಹತ್ತಿದೊಡನೆ ಅದನ್ನೇ ಕೇಳಿ ಕುಡಿಯುವುದೇಕೆ ಎಂಬ ಪ್ರಶ್ನೆಗೂ ಉತ್ತರ ಇಲ್ಲಿತ್ತು. 2015ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಇನ್ನೊಂದು ಕಾರಣ ಸೇರಿಸಿದರು. ಎಂಜಿನ್ನಿನ ಮೊರೆತದ ಮಟ್ಟದ ಸದ್ದು, ಅಂದರೆ 85 ಡೆಸಿಬೆಲ್, ಕಿವಿಗೆ ಬೀಳುತ್ತಿದ್ದರೆ ಸಿಹಿ ಮಂಕಾಗುತ್ತದೆ. ಟೊಮೆಟೊ, ಅಣಬೆಗಳಲ್ಲಿರುವ ಉಮಾಮಿ ಎಂಬ ರುಚಿ ಮಾತ್ರ ಹೆಚ್ಚಾಗಿ ಎದ್ದು ಬರುತ್ತದೆ.

ಅವ್ವನ ಚಟ್ನಿಗೆ ಉಪ್ಪು ಕಡಿಮೆಯಾದದ್ದು ಹೀಗೆ. ಆದರೂ ಅದು ಬಾಯಿಗೆ ಹತ್ತಿತು. ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಹುರಿದ ಶೇಂಗಾ, ಜೀರಿಗೆ ಎಲ್ಲವೂ ತಮ್ಮ ತಮ್ಮ ದನಿಯಲ್ಲಿ ಮಾತಾಡುತ್ತಿದ್ದವು. ನನ್ನ ಮುಂದಿದ್ದ ತೊವ್ವೆಯಲ್ಲಿ ಯಾವ ದನಿಯೂ ಇರಲಿಲ್ಲ. ಅನ್ನದ ಅಂಚು ಒಣಗಿ ಗಟ್ಟಿಯಾಗಿತ್ತು, ನಡುವೆ ಮುದ್ದೆ. ಪನೀರಿನ ಮೇಲಿನ ಕೆನೆ ಕೆಂಪುಬಣ್ಣದ ಎಣ್ಣೆಯನ್ನು ಬಿಟ್ಟು ಬೇರೆಯಾಗಿತ್ತು. ಒಂದೇ ನಾಲಿಗೆ, ಒಂದೇ ಎತ್ತರ, ಅಕ್ಕಪಕ್ಕದಲ್ಲಿ ಎರಡು ಊಟ. ಹತ್ತಿರ ಹತ್ತಿರ ಮೂರು ಸಾವಿರ ಕಿಲೋಮೀಟರು ನಾನು ಅದನ್ನೇ ಯೋಚಿಸುತ್ತಿದ್ದೆ.

ವಿಮಾನದ ಅಡುಗೆಯವರಿಗೆ ಅಡುಗೆ ಬರುವುದಿಲ್ಲ ಎಂದು ಹೇಳುವುದು ಅನ್ಯಾಯ. ಆ ಊಟ ಬೆಂದದ್ದು ವಿಮಾನದಲ್ಲಲ್ಲ, ನಿಲ್ದಾಣದ ಬಳಿಯ ದೊಡ್ಡ ಅಡುಗೆಮನೆಯಲ್ಲಿ, ಬಹುಶಃ ಹಿಂದಿನ ದಿನ. ಬೆಂದ ಕೂಡಲೇ ಅದನ್ನು ಯಂತ್ರದಲ್ಲಿಟ್ಟು 5 ಡಿಗ್ರಿಗಿಂತ ಕೆಳಕ್ಕೆ ತಣಿಸುತ್ತಾರೆ, ತಂಪಿನಲ್ಲೇ ಸಾಗಿಸುತ್ತಾರೆ, ಮೇಲೆ ಹೋದ ಮೇಲೆ ಬಿಸಿಗಾಳಿಯ ಒಲೆಯಲ್ಲಿ ಸುಮಾರು ಇಪ್ಪತ್ತು ನಿಮಿಷ ಕಾಯಿಸುತ್ತಾರೆ. ವಿಮಾನದಲ್ಲಿ ಬೆಂಕಿಯಿಲ್ಲ, ಬಾಣಲೆಯಿಲ್ಲ, ಒಗ್ಗರಣೆಯ ಸೌಟಿಲ್ಲ. ಒಮ್ಮೆ ತಣ್ಣಗಾಗಿ ಗಟ್ಟಿಯಾದ ಅನ್ನದ ಪಿಷ್ಟ, ಬಿಸಿಗಾಳಿ ತಗುಲಿದರೆ ಇನ್ನಷ್ಟು ಒಣಗುತ್ತದೆ.

ಇಷ್ಟೊಂದು ತಣಿಸುವುದು ಯಾಕೆ ಎಂಬುದಕ್ಕೆ ಒಂದು ನೋವಿನ ಇತಿಹಾಸವಿದೆ. 1975ರ ಫೆಬ್ರುವರಿಯಲ್ಲಿ ಟೋಕಿಯೊದಿಂದ ಪ್ಯಾರಿಸ್‌ಗೆ ಹೊರಟಿದ್ದ ಜಪಾನ್ ಏರ್‌ಲೈನ್ಸ್‌ನ ಬೋಯಿಂಗ್ 747 ವಿಮಾನಕ್ಕೆ ಅಲಾಸ್ಕಾದ ಆಂಕರೇಜ್‌ನಲ್ಲಿ ಬೆಳಗಿನ ಉಪಾಹಾರ ತುಂಬಿಸಿದ್ದರು. ಹಂದಿಮಾಂಸ ಹಾಕಿದ ಆಮ್ಲೆಟ್. ಅಡುಗೆಯವರೊಬ್ಬರ ಬೆರಳಿನಲ್ಲಿ ಸೋಂಕು ತಗುಲಿದ ಗಾಯವಿತ್ತು. ಆ ಕೈಯಿಂದ ಮಾಂಸಕ್ಕೆ ಸೇರಿದ ಸೂಕ್ಷ್ಮಜೀವಿಗಳು, ಊಟ ಸಾಕಷ್ಟು ತಂಪಿಲ್ಲದೆ ಗಂಟೆಗಟ್ಟಲೆ ಕುಳಿತಿದ್ದ ಕಾರಣ ಬೆಳೆದು ವಿಷ ಬಿಟ್ಟವು. ಮತ್ತೆ ಬಿಸಿ ಮಾಡಿದರೆ ಸಾಯುವುದು ಜೀವಿ, ಆ ವಿಷ ಅಳಿಯುವುದಿಲ್ಲ. ಕೋಪನ್‌ಹೇಗನ್ ಹತ್ತಿರವಾಗುವ ಹೊತ್ತಿಗೆ ವಾಂತಿ, ಭೇದಿ. ಒಟ್ಟು 197 ಮಂದಿ ಕಾಯಿಲೆ ಬಿದ್ದರು; ಅವರಲ್ಲಿ 144 ಮಂದಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಪೈಲಟ್‌ಗಳು ಆ ಆಮ್ಲೆಟ್ ತಿಂದಿರಲಿಲ್ಲ. ಅಷ್ಟೂ ಜನರನ್ನು ನೆಲಕ್ಕೆ ಮುಟ್ಟಿಸಿದ್ದು ಆ ಒಂದು ಆಕಸ್ಮಿಕ. ಪೈಲಟ್ ಮತ್ತು ಸಹಪೈಲಟ್ ಒಂದೇ ಊಟ ಮಾಡಬಾರದು ಎಂದು ಇವತ್ತಿಗೂ ಕಂಪನಿಗಳು ಪಾಲಿಸಿಕೊಂಡು ಬರುವ ಪದ್ಧತಿಯ ಬೆಲೆ ಇಂಥ ಘಟನೆಗಳಿಂದ ತಿಳಿಯುತ್ತದೆ. ಆ ಅಡುಗೆಮನೆಯ ವ್ಯವಸ್ಥಾಪಕರು ಸುದ್ದಿ ತಿಳಿದ ಮೇಲೆ ತಾವೇ ಪ್ರಾಣ ಕಳೆದುಕೊಂಡರು. ಕಾಣದ ಜನರಿಗೆ ಅಡುಗೆ ಮಾಡಿ ಕಳಿಸುವುದು ಎಷ್ಟು ದೊಡ್ಡ ಹೊಣೆ ಎಂದು ಈ ಸಂಗತಿ ಓದಿದಾಗಲೆಲ್ಲ ನನಗೆ ಎದೆ ಭಾರವಾಗುತ್ತದೆ. ಆದ್ದರಿಂದ ತಣಿಸುವುದರ ಬಗ್ಗೆ ನನ್ನ ದೂರು ಇಲ್ಲ. ತಣಿಸಲೇಬೇಕು.

ನನ್ನ ದೂರು ಬೇರೆ. ನಿನ್ನೆ ಬೇಯಿಸಿ, ಇಂದು, ಇನ್ನೆಲ್ಲಿಯೋ, ಚಲಿಸುತ್ತಾ ತಿನ್ನುವ ಊಟಕ್ಕೆ ನಮ್ಮಲ್ಲಿ ಹೆಸರಿದೆ. ಬುತ್ತಿ. ವಿಮಾನದಲ್ಲಿ ಕೊಡುವುದು ಬುತ್ತಿ. ಅದನ್ನು ಮಾಡುವವರು ಮಾತ್ರ ಅದು ಹೋಟೆಲಿನ ಊಟ ಎಂದುಕೊಂಡು ಮಾಡುತ್ತಾರೆ.

ಮೊದಲಿಗೆ ಹೀಗಿರಲಿಲ್ಲ. 1919ರ ಅಕ್ಟೋಬರ್‌ನಲ್ಲಿ ಲಂಡನ್ ಮತ್ತು ಪ್ಯಾರಿಸ್ ನಡುವೆ ಹಾರುತ್ತಿದ್ದ ಹ್ಯಾಂಡ್ಲಿ ಪೇಜ್ ಕಂಪನಿಯ ವಿಮಾನದಲ್ಲಿ ಮೂರು ಶಿಲಿಂಗ್‌ಗೆ ಒಂದು ಪೆಟ್ಟಿಗೆ ಊಟ ಮಾರಿದರು. ವಿಮಾನದ ಮೊದಲ ಊಟ ಎಂದು ಎಲ್ಲರೂ ಎಣಿಸುವುದು ಅದನ್ನೇ. ತಣ್ಣನೆಯ ಬುತ್ತಿ, ಡಬ್ಬಿ ತೆರೆದು ತಿನ್ನುವುದು. ವಿಮಾನ ದೊಡ್ಡದಾದ ಮೇಲೆ ಬಿಸಿ ಊಟ, ಪಿಂಗಾಣಿ ತಟ್ಟೆ, ಬೆಳ್ಳಿ ಚಮಚ ಬಂದವು. ಹಡಗಿನ ಭೋಜನಶಾಲೆಯನ್ನು, ದೊಡ್ಡ ಹೋಟೆಲನ್ನು ಆಕಾಶದಲ್ಲಿ ಕಟ್ಟುವ ಆಸೆ. ಆಗಿನ ಟಿಕೆಟ್ ದರಕ್ಕೆ ಅದು ನಡೆಯುತ್ತಿತ್ತು. ಏರ್ ಇಂಡಿಯಾ ಕಟ್ಟಿದ ಜೆ.ಆರ್.ಡಿ. ಟಾಟಾ ತಾವು ಪ್ರಯಾಣಿಸಿದ ವಿಮಾನಗಳ ಬಗ್ಗೆ ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ಚಹಾದ ಬಣ್ಣ ಕಾಫಿಯಂತಿದೆ ಎಂಬುದೂ ಅವರ ಕಣ್ಣು ತಪ್ಪುತ್ತಿರಲಿಲ್ಲ. 8 ಸಾವಿರ ಅಡಿಯ ಒತ್ತಡದಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿದುಬಿಡುವುದರಿಂದ ಒಳ್ಳೆಯ ಚಹಾ ಇಳಿಸುವುದೇ ಅಲ್ಲಿ ಕಷ್ಟ. ಆ ಕಷ್ಟದ ನಡುವೆಯೂ ಕಂಪನಿಯ ಮುಖ್ಯಸ್ಥರು ಬಟ್ಟಲಿನೊಳಗೆ ಇಣುಕಿ ನೋಡುತ್ತಿದ್ದರು ಎಂಬುದು ನನಗೆ ಇಷ್ಟವಾಗುವ ಸಂಗತಿ.

ಆಮೇಲೆ ದರ ಇಳಿಯಿತು, ಊಟವೂ ಇಳಿಯಿತು. ಅಮೆರಿಕನ್ ಏರ್‌ಲೈನ್ಸ್‌ನ ರಾಬರ್ಟ್ ಕ್ರ್ಯಾಂಡಲ್ 1980ರ ದಶಕದಲ್ಲಿ ಸಲಾಡ್‌ನಿಂದ ಒಂದೊಂದು ಆಲಿವ್ ಕಾಯಿ ತೆಗೆಸಿ ವರ್ಷಕ್ಕೆ 40 ಸಾವಿರ ಡಾಲರ್ ಉಳಿಸಿದ ಕಥೆಯನ್ನು ಈ ಉದ್ಯಮದಲ್ಲಿ ಇವತ್ತಿಗೂ ಹೇಳುತ್ತಾರೆ. ನಮ್ಮಲ್ಲಿ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿ, ಬೆಂಗಳೂರಿನಿಂದ ಹುಬ್ಬಳ್ಳಿಗೆ ಮೊದಲ ವಿಮಾನ ಹಾರಿಸಿದಾಗ ಟಿಕೆಟ್ಟಿನಿಂದ ಊಟವನ್ನೇ ಕಳಚಿಟ್ಟರು. ಬೇಕಾದವರು ದುಡ್ಡು ಕೊಟ್ಟು ತೆಗೆದುಕೊಳ್ಳಬೇಕು. ಆಗ ಬಹಳ ಜನ ಮೂಗು ಮುರಿದರು. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಒಂದು ಗಂಟೆಯ ಹಾರಾಟಕ್ಕೆ ಊಟ ಯಾಕೆ? ಜೀವಮಾನದಲ್ಲಿ ವಿಮಾನ ಹತ್ತದವರು ಹತ್ತುವಂತಾದರಲ್ಲ, ಅದು ದೊಡ್ಡದು. ಆದರೆ ಹತ್ತು ಗಂಟೆಯ ಹಾರಾಟದಲ್ಲಿ ಹಸಿದವರ ಮುಂದೆ ಇಡುವ ಡಬ್ಬಿಗೆ ಆ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಎದ್ದು ಹೋಗಿ ಬೇರೆ ಅಂಗಡಿ ಹುಡುಕುವ ಹಾಗಿಲ್ಲ.

ಬುತ್ತಿ ಕಟ್ಟುವವರ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಮ್ಮಜ್ಜಿ ದೂರದ ಊರಿಗೆ ಮೊಸರನ್ನದ ಬುತ್ತಿ ಕಟ್ಟುವಾಗ ಮೊಸರು ಹಾಕುತ್ತಿರಲಿಲ್ಲ. ಮೆತ್ತಗೆ ಬೇಯಿಸಿದ ಅನ್ನವನ್ನು ಕೈಯಿಂದ ಹಿಚುಕಿ, ಕಾಯಿಸಿ ಆರಿಸಿದ ಹಾಲು ಧಾರಾಳವಾಗಿ ಸುರಿದು, ಮೇಲೊಂದು ಚಮಚ ಮೊಸರು ಬೆರೆಸುತ್ತಿದ್ದಳು. ಕಟ್ಟುವಾಗ ಅದು ಹಾಲನ್ನದಂತೆ ನೀರು ನೀರು. ಬಸ್ಸು ಇಳಿದು ಮರದ ಕೆಳಗೆ ಬಿಚ್ಚುವ ಹೊತ್ತಿಗೆ ಹದವಾಗಿ ಹೆಪ್ಪುಗಟ್ಟಿರುತ್ತಿತ್ತು, ಹುಳಿಯಾಗಿರುತ್ತಿರಲಿಲ್ಲ. ಅವಳು ಅಡುಗೆ ಮಾಡುತ್ತಿದ್ದದ್ದು ಬೆಳಗಿನ ಐದು ಗಂಟೆಯ ನಾಲಿಗೆಗಲ್ಲ, ಮಧ್ಯಾಹ್ನ ಒಂದು ಗಂಟೆಯ ನಾಲಿಗೆಗೆ. ಬೇಸಿಗೆಯಾದರೆ ಮೊಸರು ಅರ್ಧ ಚಮಚ, ಚಳಿಗಾಲವಾದರೆ ಒಂದೂವರೆ.

ಪುಳಿಯೋಗರೆಯೂ ಹಾಗೆಯೇ. ಅನ್ನ ಉದುರುದುರಾಗಿ ಬೇಯಬೇಕು, ತಟ್ಟೆಯಲ್ಲಿ ಹರಡಿ ಎಣ್ಣೆ ಸವರಿ ಆರಿಸಬೇಕು. ತಣ್ಣಗಾದರೂ ಅಗುಳು ಗಟ್ಟಿಯೆನಿಸದಂತೆ ಆ ಎಣ್ಣೆ ಕಾಯುತ್ತದೆ. ಗೊಜ್ಜಿನ ಹುಣಸೆ ಕೆಡದಂತೆ ಕಾಯುತ್ತದೆ. ಕಲಸಿದ ಕೂಡಲೇ ಉಪ್ಪು ಹುಳಿ ಮುಂದಾಗಿ ಕಾಣಬೇಕು, ಏಕೆಂದರೆ ಅನ್ನ ಅದನ್ನು ಕುಡಿದುಬಿಡುತ್ತದೆ. ಮಾಡಿದ ದಿನಕ್ಕಿಂತ ಮರುದಿನ ರುಚಿ. ಇನ್ನು ಕಡಕ್ ರೊಟ್ಟಿಯಲ್ಲಿ ನೀರೇ ಇರುವುದಿಲ್ಲ, ಹಾಗಾಗಿ ವಾರಗಟ್ಟಲೆ ಕೆಡುವುದಿಲ್ಲ. ಒಣಗಾಳಿ ಅದಕ್ಕೇನೂ ಮಾಡಲಾರದು. ಹುಳಿ, ಖಾರ, ಇಂಗು, ಕರಿಬೇವು, ಎಳ್ಳು. ಜರ್ಮನಿಯ ಆ ಕೊಳವೆಯೊಳಗೆ ಯಾವ ರುಚಿಗಳು ಎತ್ತರಕ್ಕೆ ಸೋಲದೆ ನಿಂತವೋ ಹೆಚ್ಚುಕಡಿಮೆ ಅವೇ ನಮ್ಮ ಬುತ್ತಿಯಲ್ಲೂ ಇವೆ.

ಹೀಗಿರುವಾಗ ಬೆಂಗಳೂರಿನಿಂದ ಹೊರಡುವ ವಿಮಾನದಲ್ಲೂ ‘ಭಾರತೀಯ ಸಸ್ಯಾಹಾರ’ ಎಂದರೆ ಬೆಣ್ಣೆ ಹಾಕಿದ ಪನೀರ್, ಹಳದಿ ತೊವ್ವೆ, ಜೀರಿಗೆ ಅನ್ನ ಎಂದೇ ಯಾಕಾಗಬೇಕು? ಕೆನೆಯ ಮಂದ ಸಿಹಿಯನ್ನು ನಂಬಿದ ಅಡುಗೆ ಅದು. ಆ ಎತ್ತರದಲ್ಲಿ ಕಳೆದುಹೋಗುವುದೇ ಸಿಹಿ. ಒಲೆಯಿಂದ ಇಳಿದ ಐದು ನಿಮಿಷದಲ್ಲಿ ತಿಂದರೆ ಚೆನ್ನ, ಮರುದಿನಕ್ಕಲ್ಲ. ದೋಸೆ, ಪೂರಿ, ವಡೆಗಳ ಕಥೆಯೂ ಅಷ್ಟೇ; ಹಾಳೆಯೊಳಗೆ ಮಡಚಿಟ್ಟ ಮಸಾಲೆದೋಸೆ ಚರ್ಮದಂತೆ ಜಗಿಯುವುದನ್ನು ಕಂಡಾಗ ನನಗೆ ದುಃಖವಾಗುತ್ತದೆ. ಇಡ್ಲಿ ಸ್ವಲ್ಪ ತಡೆದುಕೊಳ್ಳುತ್ತದೆ. ದೇಶದೊಳಗಿನ ವಿಮಾನಗಳಲ್ಲಿ ಬಿಸಿನೀರು ಹೊಯ್ದು ಮುಚ್ಚಿಕೊಡುವ ಬಟ್ಟಲಿನ ಉಪ್ಪಿಟ್ಟು, ಅವಲಕ್ಕಿಗಳನ್ನು ಹೀಗಳೆಯುವವರಿದ್ದಾರೆ. ಉಪ್ಪಿನಂಶ ಸ್ವಲ್ಪ ನೋಡಿಕೊಳ್ಳಬೇಕು, ನಿಜ. ಆದರೂ ಹಾಳೆ ಮುಚ್ಚಿದ ಎಷ್ಟೋ ಡಬ್ಬಿಗಳಿಗಿಂತ ಅದು ಉತ್ತಮ. ಅದನ್ನು ರೂಪಿಸಿದವರು ತಿನ್ನುವ ಜಾಗ ಯಾವುದೆಂದು ಯೋಚಿಸಿದ್ದಾರೆ.

ಹುಬ್ಬಳ್ಳಿ ಧಾರವಾಡದ ಎಷ್ಟೋ ಓಣಿಗಳಲ್ಲಿ ರೊಟ್ಟಿ ಬಡಿದು ಮಾರಿ ಸಂಸಾರ ನಡೆಸುವ ಹೆಣ್ಣುಮಕ್ಕಳಿದ್ದಾರೆ. ಬೆಳಗ್ಗೆ ಆ ಓಣಿಯಲ್ಲಿ ನಡೆದರೆ ರೊಟ್ಟಿ ಬಡಿಯುವ ಸದ್ದೇ ಕೇಳುತ್ತದೆ. ಅವರ ರೊಟ್ಟಿ, ಚಟ್ನಿ, ಹೋಳಿಗೆಗಳು ಮಕ್ಕಳ ಚೀಲದಲ್ಲಿ ಅಮೆರಿಕಕ್ಕೆ, ದುಬೈಗೆ ಹೋಗುತ್ತಲೇ ಇವೆ. ಒಂದು ಸಜ್ಜೆ ರೊಟ್ಟಿ, ಒಂದು ಚಟ್ನಿ, ಗಟ್ಟಿ ಮೊಸರು, ಒಂದು ಹೋಳಿಗೆ. ಬಿಸಿ ಮಾಡುವ ತಾಪತ್ರಯವಿಲ್ಲ. ಯಾವುದಾದರೂ ಕಂಪನಿ ಇದನ್ನು ಬೆಂಗಳೂರಿನಿಂದ ಹೊರಡುವ ವಿಮಾನದಲ್ಲಿ ಒಂದು ತಿಂಗಳು ಕೊಟ್ಟು ನೋಡಲಿ ಎಂಬುದು ನನ್ನ ನಿಜವಾದ ಆಸೆ. ರಾಗಿ ಜೋಳಗಳನ್ನು ಲೋಕಕ್ಕೆ ಪರಿಚಯಿಸಬೇಕೆಂದು ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಘೋಷಿಸಿತ್ತು. ಅಷ್ಟು ದೂರ ಪರಿಚಯಿಸುವ ಮೊದಲು ನಮ್ಮ ನೆಲದಿಂದ ಏರುವ ವಿಮಾನಕ್ಕೆ ಅವನ್ನು ಹತ್ತಿಸಬಹುದಿತ್ತು.

ಮರಳಿ ಬರುವಾಗ ನಾಲ್ಕು ಅಕ್ಷರಗಳನ್ನು ಸರಿಯಾಗಿ ಹಾಕಿದ್ದೆ. ಆದರೂ ಅಕ್ಕ ಸುಮ್ಮನಿರಲಿಲ್ಲ. ಅವಳ ಅತ್ತೆ ಮೈಸೂರಿನವರು, ಪುಳಿಯೋಗರೆಯ ಗೊಜ್ಜು ಅವರಿಂದ ಕಲಿತದ್ದು. ಉಪ್ಪಿನ ವಿಷಯವನ್ನು ನಾನು ಅವಳಿಗೆ ವಿವರವಾಗಿ ಹೇಳಿದ್ದೆ. ಗೊಜ್ಜು ಕಲಸುತ್ತಾ ರುಚಿ ನೋಡಿ, ಸಾಕು ಎನಿಸಿದ ಮೇಲೆ ಇನ್ನೊಂದು ಚಿಟಿಕೆ ಹಾಕಿದಳು. ಅವ್ವ ಪಕ್ಕದಲ್ಲಿ ನಿಂತು “ಇನ್ನೂ ಅರ್ಧ” ಎಂದಳು.

ಕಪ್ಪು ಸಮುದ್ರದ ಮೇಲೆ ಎಲ್ಲೋ ಇದ್ದಾಗ ಅವ್ವ ಡಬ್ಬಿ ತೆರೆದಳು. ಊಟದ ಗಾಡಿ ತಳ್ಳಿಕೊಂಡು ಬಂದ ಗಗನಸಖಿ ನೋಡಿ, ಹೊರಗಿನ ಊಟವನ್ನು ವಿಮಾನದ ಒಲೆಯಲ್ಲಿ ಬಿಸಿ ಮಾಡಿಕೊಡಲು ನಿಯಮದಲ್ಲಿ ಅವಕಾಶವಿಲ್ಲ, ಕ್ಷಮಿಸಬೇಕು ಎಂದು ಕೇಳದೆಯೇ ಹೇಳಿದಳು. ಏನೆಂದಳು ಎಂದು ಅವ್ವ ನನ್ನನ್ನು ಕೇಳಿದಳು. ಹೇಳಿದೆ.

“ಬಿಸಿ ಮಾಡುವುದು ಬೇಡವೇ ಬೇಡ ಎಂದು ಹೇಳು ಅವಳಿಗೆ. ಇದು ಹೀಗೆ ತಿನ್ನಲೆಂದೇ ಮಾಡಿದ್ದು.”

ಡಬ್ಬಿಯ ಮುಚ್ಚಳದಲ್ಲಿ ಎರಡು ತುತ್ತು ತೆಗೆದು ಆ ಹುಡುಗಿಯ ಕಡೆಗೆ ಚಾಚಿದಳು. ಕೆಲಸದಲ್ಲಿರುವಾಗ ತಿನ್ನುವಂತಿಲ್ಲ ಎಂದು ಅವಳು ನಕ್ಕು ಮುಂದೆ ಹೋದಳು. ಅವ್ವ ಮುಚ್ಚಳವನ್ನು ನನ್ನ ಕಡೆ ತಿರುಗಿಸಿದಳು. ಉಪ್ಪು ಸರಿಯಾಗಿತ್ತು.